ಗಿಟಾರಿಗೆ ಕೆತ್ತಿದ ಮೇಪಲ್ ನೆಕ್‌ಗೆ ಜೋಡಿಸೋ ಮುಂಚೆ ಏನು ಹಚ್ಚೋದು? ಮಳೆಗಾಲ, ಕರಾವಳಿ

ಕಡಲತಡಿ (ಮಂಗಳೂರು)

ಟೆಲಿಕ್ಯಾಸ್ಟರ್ (ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್) ಆಕಾರದ್ದೊಂದು ಗಿಟಾರ್ ಕಟ್ತಾ ಇದ್ದೇನೆ. ನೆಕ್, ಅಂದ್ರೆ ಕೈಯಲ್ಲಿ ಹಿಡಿಯುವ ಉದ್ದದ ಕತ್ತು, ಕೆತ್ತಿ ಆಯ್ತು. ಮೇಪಲ್ ಮರ, ಅದರ ಮೇಲೆ ಬೀಟೆಯ ಫ್ರೆಟ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ಅಂಟಿಸಿದ್ದು, ಟ್ರಸ್ ರಾಡ್ (ಬಾಗು ತಿದ್ದುವ ಲೋಹದ ಸರಳು) ಒಳಗೆ ಕೂತಿದೆ. ಫ್ರೆಟ್ (ಆ ಪಟ್ಟಿಗೆ ಅಡ್ಡ ಕೂರುವ ಲೋಹದ ಗೆರೆಗಳು) ಇನ್ನೂ ಹೊಡೆದಿಲ್ಲ. ಬಾಡಿ ಹಲಸಿನ ಮರದ್ದು, ಅದು ಆಚಾರಿಯವರ ಹತ್ರ ಉಂಟು, ಯಾವಾಗ ಸಿಗ್ತದೆ ಅಂತ ದೇವರಿಗೇ ಗೊತ್ತು.

ಈಗ ಜೂನ್ ಕೊನೆ. ಒಂದೇ ಸಮ ಮಳೆ. ಒಗೆದ ಬಟ್ಟೆ ಒಣಗುದಿಲ್ಲ, ಕಪಾಟಿನಲ್ಲಿಟ್ಟ ಬೆಲ್ಟಿಗೆ ಬೂಸ್ಟು. ಈ ನೆಕ್ ಬೋಳು ಮರವಾಗಿ ಮಳೆಗಾಲ ಮುಗಿಯುವವರೆಗೆ ಬಿದ್ದಿದ್ರೆ ಸೊಟ್ಟ ಆಗ್ತದಾ ಅಂತ ಹೆದರಿಕೆ. ಇವತ್ತೇ ಎಂತಾದ್ರೂ ಹಚ್ಚಿ ಇಡುದಾ? ಹಚ್ಚುದಾದ್ರೆ ಎಂತ? ಪೇಂಟ್ ಅಂಗಡಿಯವರು ಸ್ಯಾಂಡಿಂಗ್ ಸೀಲರ್ (ಪಾಲಿಶ್‌ಗೆ ಮುಂಚೆ ಮರದ ರಂಧ್ರ ಮುಚ್ಚುವ ಲೇಪ) ಹೊಡೀರಿ ಅಂದ್ರು. ಯೂಟ್ಯೂಬಲ್ಲಿ ಒಬ್ಬ ಎಣ್ಣೆ ಅಂತಾನೆ, ಇನ್ನೊಬ್ಬ ಎಣ್ಣೆ ಮುಟ್ಟಲೇಬೇಡಿ ಅಂತಾನೆ. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಬೀಟೆಮರ (ಬೆಂಗಳೂರು)

ಇವತ್ತೇ ಏನೂ ಹಚ್ಚಬೇಡಿ. ಆ ಮರದಲ್ಲಿ ಈಗ ಎಷ್ಟು ತೇವ ಇದೆ ಅಂತ ಮೊದಲು ತಿಳ್ಕೊಳ್ಳಿ.

ಸೀಲರ್ ಹಚ್ಚಿದ ಮೇಲೆ ತೇವ ಒಳಗೆ ಹೋಗೋದೇ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಹೋಗೋದು ನಿಧಾನ ಆಗುತ್ತೆ ಅಷ್ಟೆ. ಹೊರಗೆ ಬರೋದೂ ಅಷ್ಟೇ ನಿಧಾನ ಆಗುತ್ತೆ, ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಮರ ಸುತ್ತಲಿನ ಗಾಳಿಗೆ ಹೊಂದಿಕೊಳ್ತಾ ಇರುತ್ತೆ. ಗಾಳಿಯ ತೇವಾಂಶ ಶೇ. 50 ಇದ್ದರೆ ಮರದೊಳಗಿನ ತೇವ ಸುಮಾರು ಶೇ. 9ಕ್ಕೆ ಬಂದು ನಿಲ್ಲುತ್ತೆ. ಗಾಳಿ ಶೇ. 80 ಆದರೆ ಮರ 16ರ ಆಸುಪಾಸು, 90 ಆದರೆ 20ರ ಹತ್ತಿರ. ನಿಮ್ಮ ಕಡೆ ಜುಲೈ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಈಗ ಹಚ್ಚಿದರೆ ಒದ್ದೆ ಮರವನ್ನೇ ಮುಚ್ಚಿಟ್ಟ ಹಾಗಾಗುತ್ತೆ. ಜನವರಿಯಲ್ಲೋ, ಎಸಿ ಇರೋ ಕೋಣೆಯಲ್ಲೋ ಆ ತೇವ ಹೊರಗೆ ಬರೋಕೆ ಶುರುವಾಗುತ್ತೆ. ಅಷ್ಟೊತ್ತಿಗೆ ಫ್ರೆಟ್ ಹೊಡೆದು, ತಂತಿ ಬಿಗಿದು, ಸ್ನೇಹಿತರಿಗೆಲ್ಲ ತೋರಿಸಿ ಆಗಿರುತ್ತೆ.

ಫ್ಲ್ಯಾಟ್ ಸಾನ್ (ಮರದ ಉಂಗುರದ ಗೆರೆಗಳು ಹಲಗೆಯ ಅಗಲಕ್ಕೆ ಮಲಗಿರೋ ಹಾಗೆ ಕೊಯ್ದ) ಮೇಪಲ್ ಆದರೆ ತೇವ ಶೇ. 1ರಷ್ಟು ಬದಲಾದಾಗ ಅಗಲ ಸುಮಾರು ಶೇ. 0.35ರಷ್ಟು ಬದಲಾಗುತ್ತೆ. ಹೀಲ್ (ಬಾಡಿಗೆ ಕೂರೋ ತುದಿ) ಹತ್ರ ನೆಕ್ 56 ಮಿ.ಮೀ. ಅಗಲ. ತೇವ 16ರಿಂದ 12ಕ್ಕೆ ಇಳಿದರೆ ಮುಕ್ಕಾಲು ಮಿ.ಮೀ. ಕುಗ್ಗೋಕೆ ನೋಡುತ್ತೆ. ಕ್ವಾರ್ಟರ್ ಸಾನ್ (ಆ ಗೆರೆಗಳು ನೆಟ್ಟಗೆ ನಿಂತಿರೋ ಹಾಗೆ ಕೊಯ್ದದ್ದು) ಆದರೆ ಅದರ ಅರ್ಧ. ಬೀಟೆ ಅಷ್ಟು ಆಡೋ ಮರ ಅಲ್ಲ, ಹಾಗಾಗಿ ಅಂಟಿನ ಗೆರೆಯಲ್ಲಿ ಎರಡೂ ಮರ ಒಂದನ್ನೊಂದು ಎಳೆದಾಡ್ತವೆ. ಫ್ರೆಟ್ ಲೋಹ, ಅದಂತೂ ಕುಗ್ಗಲ್ಲ. ಅದರ ತುದಿ ಅಂಚಿನಿಂದ ಆಚೆ ಬಂದು ಅಂಗೈಗೆ ಚುಚ್ಚುತ್ತೆ.

ತೇವದ ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನೆಕ್ಕನ್ನ ದಿನಾ ಒಂದೇ ಹೊತ್ತಿಗೆ ತೂಗಿ, ಹೀಲ್ ಮೇಲೆ ಪೆನ್ಸಿಲ್ಲಲ್ಲಿ ಬರೆದಿಡಿ. ಮರದ ತೂಕ 600 ಗ್ರಾಂ ಇದ್ದರೆ 18 ಗ್ರಾಂ ಇಳಿದಾಗ ತೇವ ಶೇ. 3ರಷ್ಟು ಇಳೀತು ಅಂತ ಲೆಕ್ಕ. ತೂಕ ಇಳಿಯೋದು ನಿಂತು ಒಂದೇ ಕಡೆ ಕೂತರೆ ಮರ ಆ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ.

ಒಣಗಿಸೋಕೆ ಒಂದು ಹಳೇ ಕಪಾಟು ಅಥವಾ ಥರ್ಮೋಕೋಲ್ ಪೆಟ್ಟಿಗೆ, ಜೊತೆಗೆ ಒಂದು ಡಿಹ್ಯೂಮಿಡಿಫೈಯರ್ ಅಥವಾ ಸಿಲಿಕಾ ಜೆಲ್. ಕಪಾಟು ಮರದ್ದೋ ಕಬ್ಬಿಣದ್ದೋ ಆದರೆ ಹಳೇ ಕಾಲದ 40 ವಾಟ್ ಬಲ್ಬೂ ನಡೆಯುತ್ತೆ. ಥರ್ಮೋಕೋಲ್‌ಗೆ ಮಾತ್ರ ಬಲ್ಬ್ ಬೇಡ, ಕರಗುತ್ತೆ. ಒಳಗೆ ಒಂದು ತೇವಮಾಪಕ ಇಟ್ಟು 45ರಿಂದ 50ರಲ್ಲಿ ನಿಲ್ಲಿಸಿ. ಬೇಗ ಆಗಲಿ ಅಂತ ಬಿಸಿ ಏರಿಸಬೇಡಿ, ಹೊರಮೈ ಮೊದಲು ಒಣಗಿ ಸೀಳು ಬಿಡುತ್ತೆ.

ತೇವಮಾಪಕ ನಂಬೋ ಹಾಗಿದೆಯಾ ಅಂತ ನೋಡೋಕೆ ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕೆಸರಾಗುವಷ್ಟು ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಕವರ್‌ನಲ್ಲಿ ಒಂದು ರಾತ್ರಿ ಇಡಿ. 75 ತೋರಿಸಬೇಕು. 70 ತೋರಿಸಿದರೆ ಮುಂದೆ ಯಾವಾಗಲೂ 5 ಕೂಡಿಸಿಕೊಂಡು ಓದಿ.

ಹುಬ್ಳಿ_ಬ್ಲೂಸ್

ಬೀಟೆಮರ ಸರ್ ಹೇಳಿದ್ದು ಖರೇ ಐತ್ರಿ. ನಾ ರಿಪೇರಿ ಕಡೆಯಿಂದ ಒಂದ್ ಮಾತ ಸೇರಸ್ತೀನಿ.

ನಮ್ಮ ಹತ್ರ ಬರೂ ಅಗ್ಗದ ಗಿಟಾರದಾಗ ನೆಕ್ಕಿನ ಬೆನ್ನಿಗೆ ಕನ್ನಡಿಯಂಥಾ ಪಾಲಿಶ್ ಇರ್ತೈತಿ. ಸ್ಕ್ರೂ ಬಿಚ್ಚಿ ಹೀಲ್ ತಗದ ನೋಡ್ರಿ, ಬೋಳ ಮರ. ಟ್ಯೂನರ್ (ತಂತಿ ಬಿಗಿಯೂ ಕೀಲಿ) ತೂತಿನ ಒಳಗೂ ಬೋಳ. ಮರದ ತುದಿ ಅಂದ್ರ ಜ್ವಾಳದ ದಂಟಿನ ಕಟ್ಟ ಇದ್ದಂಗ್ರಿ, ಎಲ್ಲಾ ನಳಿಗಿ ಬಾಯಿ ತಕ್ಕೊಂಡು ಕುಂತಿರ್ತಾವು. ಮೈಯಿಂದ ಹೋಗೂದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಜೋರಾಗಿ ತೇವ ಅಲ್ಲಿಂದ ಓಡಾಡ್ತೈತಿ. ಬೆನ್ನು ಮುಚ್ಚಿ ತುದಿ ಬಿಟ್ರ ಒಂದ್ ಕಡಿ ಉಬ್ಬತೈತಿ, ಇನ್ನೊಂದ್ ಕಡಿ ಹಂಗ ಇರತೈತಿ, ಮರ ತಿರುಚತೈತಿ. ಬಾಗಿದ್ದನ್ನ ಟ್ರಸ್ ರಾಡ್ ತಿದ್ದತೈತ್ರಿ, ತಿರುಚಿದ್ದನ್ನ ತಿದ್ದೂದಿಲ್ಲ.

ಅದಕ್ಕ ಹಚ್ಚೂದಿದ್ರ ಎಲ್ಲಾ ಮೈಗೂ ಒಂದ ದಿನ ಹಚ್ರಿ. ಬೆನ್ನು, ಹೆಡ್‌ಸ್ಟಾಕ್ (ಟ್ಯೂನರ್ ಕುಂದ್ರೂ ತಲಿ) ಮುಖ, ಅದರ ಅಂಚು, ಹೀಲಿನ ತಳ, ಹೀಲಿನ ತುದಿ, ತೂತುಗಳ ಒಳಗ. ಅರ್ಧಾ ಇವತ್ತ ಹಚ್ಚಿ ಇನ್ನರ್ಧಾ ಮುಂದಿನ ವಾರ ಅನ್ನೂದಾದ್ರ ಹಚ್ಚದ ಇರೂದ ಚೊಲೊ.

ಸಂಶಯಾತ್ಮ

ಇಷ್ಟೆಲ್ಲ ಬೇಕಾ? ಮ್ಯೂಸಿಕ್ ಮ್ಯಾನ್ ಗಿಟಾರ್‌ಗಳ ಮೇಪಲ್ ನೆಕ್‌ಗೆ ಕಂಪನಿಯವರೇ ಬಂದೂಕಿನ ಹಿಡಿಗೆ ಹಚ್ಚೋ ಎಣ್ಣೆ, ಮೇಲೊಂದಿಷ್ಟು ಮೇಣ ಅಷ್ಟೇ ಹಚ್ಚಿ ಕಳಿಸೋದು. ಪ್ರಪಂಚದ ತುಂಬಾ ಜನ ನುಡಿಸ್ತಾ ಇದ್ದಾರೆ. ಟ್ರೂ ಆಯಿಲ್ ಅನ್ನೋ ಅಂಥದ್ದೇ ಎಣ್ಣೆ ಒಂದು ಬಾಟಲಿ ತಗೊಂಡು ಬಟ್ಟೆಯಲ್ಲಿ ಉಜ್ಜಿ. ಕೈಗೆ ಅಂಟಲ್ಲ, ಸ್ಪ್ರೇ ಗನ್ ಬೇಡ, ಮಾಸ್ಕ್ ಬೇಡ. ಪಾಲಿಶ್ ಹೊಡೆದ ನೆಕ್ ಬೆವರಿಗೆ ಕೈ ಹಿಡಿದುಕೊಂಡು ಬಿಡುತ್ತೆ, ಅದರಲ್ಲೂ ಮಂಗಳೂರಿನ ಸೆಖೆಯಲ್ಲಿ.

ಬೀಟೆಮರ

ಸಂಶಯಾತ್ಮ ಅವರೇ, ಕೈಗೆ ಹಿತ ಅನ್ನೋದನ್ನ ಒಪ್ತೀನಿ. ನನ್ನ ಸ್ವಂತ ಗಿಟಾರಿಗೂ ಎಣ್ಣೆಯೇ. ಆದರೆ ಪ್ರಶ್ನೆ ಕೈಗೆ ಹಿತವಾಗಿರೋದರದ್ದಲ್ಲ, ತೇವ ತಡೆಯೋದರದ್ದು. ಎರಡನ್ನೂ ಕಲಸಬಾರದು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಅಲ್ಲಿನ ಅರಣ್ಯ ಇಲಾಖೆಯ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಇದೆ. ಬೇರೆ ಬೇರೆ ಲೇಪನ ಬಳಿದ ಮರದ ತುಂಡುಗಳನ್ನ ಹಸಿ ಗಾಳಿಯಲ್ಲಿಟ್ಟು ಎಷ್ಟು ತೇವ ಕುಡಿದವು ಅಂತ ಅಲ್ಲಿ ಅಳೆದಿದ್ದಾರೆ. ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಮುಳುಗಿಸಿದ್ದು ಎಲ್ಲಕ್ಕಿಂತ ಮೇಲೆ. ಎರಡು ಭಾಗ ಬೆರೆಸೋ ಎಪಾಕ್ಸಿ ಅದರ ಹಿಂದೆಯೇ. ಅರಗಿನ ಪಾಲಿಶ್ ಎಲ್ಲರ ನಿರೀಕ್ಷೆಗಿಂತ ಚೆನ್ನಾಗಿ ನಿಂತಿದೆ, ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗಿಂತ ಮುಂದೆ. ಅಗಸೆ ಎಣ್ಣೆ ಮಾತ್ರ ಎರಡು ವಾರ ಕಳೆಯೋದರೊಳಗೆ ಏನೂ ಹಚ್ಚದ ಮರದ ಲೆಕ್ಕಕ್ಕೇ ಬಂದುಬಿಡುತ್ತೆ. ಪೀಠೋಪಕರಣಕ್ಕೆ ಹಚ್ಚೋ ಪೇಸ್ಟ್ ಮೇಣದ್ದೂ ಅದೇ ಕಥೆ. ಟ್ರೂ ಆಯಿಲ್ ಬರೀ ಅಗಸೆ ಎಣ್ಣೆ ಅಲ್ಲ ನಿಜ, ಅದು ಒಣಗಿ ತೆಳುವಾದ ಪದರ ಕಟ್ಟುತ್ತೆ. ಆದರೆ ಹೆಚ್ಚಿನವರು ಎರಡು ಕೈ (ಎರಡು ಸಲ) ಹಚ್ಚಿ, ಉಕ್ಕಿನ ನಾರಿನಲ್ಲಿ ಮತ್ತೆ ತೆಗೆದುಬಿಡ್ತಾರೆ. ಆಮೇಲೆ ತೇವ ತಡೆಯೋಕೆ ಉಳಿಯೋದೇನು?

ಫ್ಯಾಕ್ಟರಿಯಲ್ಲಿ ಎಣ್ಣೆ ನಡೆಯುತ್ತೆ, ಯಾಕಂದ್ರೆ ಅಲ್ಲಿನ ಮರ ಗೂಡಿನಲ್ಲಿ ಒಣಗಿಸಿದ್ದು, ಕೆತ್ತಿ ಜೋಡಿಸೋದು ತೇವ ನಿಯಂತ್ರಣ ಇರೋ ಕೋಣೆಯಲ್ಲಿ. ಅದೇ ದೇಶದಲ್ಲಿ ಬಿಡಿ ನೆಕ್ ಮಾರೋ ವಾರ್ಮತ್ ಕಂಪನಿಯವರ ನಿಯಮ ನೋಡಿ: ಮೇಪಲ್, ಮಹಾಗನಿ ನೆಕ್‌ಗೆ ಗಟ್ಟಿ ಪದರದ ಫಿನಿಶ್ ಇಲ್ಲದಿದ್ದರೆ ವಾರಂಟಿ ಇಲ್ಲ. ಬೀಟೆ, ಎಬನಿಯಂಥ ಎಣ್ಣೆಮರಗಳಿಗೆ ವಿನಾಯಿತಿ.

ಒಣಹವೆ (ಫೀನಿಕ್ಸ್, ಅರಿಜೋನಾ)

ಇಲ್ಲಿ ಉಲ್ಟಾ ಸಮಸ್ಯೆ. ಬೇಸಿಗೆ ಮಧ್ಯಾಹ್ನ ತೇವಾಂಶ ಒಂದಂಕಿಗೂ ಇಳಿಯೋದುಂಟು. ಊರಿಂದ ಗಿಟಾರ್ ತಂದವರ ಫ್ರೆಟ್ ತುದಿ ಮೊದಲ ವರ್ಷವೇ ಗರಗಸ. ನೆಕ್ಕಿನ ಬೆನ್ನಿಗೆ ಹೊಳೆಯೋ ಪಾಲಿಶ್ ಇದ್ದರೂ ಫ್ರೆಟ್‌ಬೋರ್ಡ್ ಕಡೆಯಿಂದ ಒಣಗುತ್ತೆ. ಹಾಗಾಗಿ "ಒದ್ದೆ ಮರಕ್ಕೆ ಹಚ್ಚಬೇಡಿ" ಅನ್ನೋದಕ್ಕೆ ನನ್ನದೂ ಒಂದು ವೋಟು.

ಎಣ್ಣೆ ಹಚ್ಚೋರಿಗೆ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಇರೋ ಯಾವುದೇ ಫಿನಿಶ್ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಡಬ್ಬಿಗೆ ಎಸೆಯಬೇಡಿ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತೆ. ಮುದ್ದೆಯ ಒಳಗಿನ ಬಿಸಿಗೆ ಹೋಗೋಕೆ ದಾರಿ ಇಲ್ಲದೆ, ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳುತ್ತೆ. ಬಟ್ಟೆಯನ್ನ ಬಿಡಿಸಿ ಅಂಗಳದ ತಂತಿ ಮೇಲೆ ಹರವಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.

ವಿಷಯಾಂತರ: ಬೀಟೆ ಇರೋ ಗಿಟಾರ್ ವಿದೇಶಕ್ಕೆ ತರೋಕೆ ಭಯ ಪಡೋರಿಗೆ, 2017ರಲ್ಲಿ ಸೈಟಿಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಬೀಟೆಯ ಇಡೀ ಕುಲವನ್ನೇ ಸೇರಿಸಿದಾಗ ತೊಂದರೆ ಇತ್ತು. ತಯಾರಾದ ವಾದ್ಯ ಮತ್ತು ಅದರ ಬಿಡಿಭಾಗಕ್ಕೆ 2019ರ ನವೆಂಬರ್‌ನಿಂದ ವಿನಾಯಿತಿ ಇದೆ. ಹಸಿ ಹಲಗೆಗೆ ಇಲ್ಲ.

ಕಡಲತಡಿ

ತಕ್ಕಡಿಯಲ್ಲಿ ಇಟ್ಟೆ. ನಿನ್ನೆ ಸಂಜೆಗಿಂತ ಇವತ್ತು ಬೆಳಿಗ್ಗೆ 4 ಗ್ರಾಂ ಜಾಸ್ತಿ ಉಂಟು! ಬರೇ ಟೇಬಲ್ ಮೇಲೆ ಇಟ್ಟದ್ದಕ್ಕೆ. ನೋಡ್ತಾ ನೋಡ್ತಾ ನೀರು ಕುಡಿಯುತ್ತಾ ಇದೆ ಅಂತಾಯ್ತು. ತಮ್ಮನ ಹಳೇ ಪುಸ್ತಕದ ಕಪಾಟು ಖಾಲಿ ಮಾಡಿಸಿದ್ದೇನೆ, ಬಲ್ಬ್ ಹಾಕ್ತೇನೆ. ಒಣಗಿದ ಮೇಲೆ ಎಂತ ಹಚ್ಚುದು ಅಂತ ಈಗಲೇ ತೀರ್ಮಾನ ಮಾಡುವ. ಅರಗು ಅಂದ್ರಲ್ಲ, ಅದನ್ನು ನಾನೇ ಮಾಡ್ಲಿಕ್ಕೆ ಆಗ್ತದಾ?

ಅರಗುಬಣ್ಣ (ರಾಮನಗರ ಕಡೆ)

ಆಗುತ್ತೆ, ಆರಾಮಾಗಿ. ನಮ್ಮ ಮನೆಯಲ್ಲಿ ಮರದ ಪಾಲಿಶ್ ಕೆಲಸ ಅಪ್ಪನ ಕಾಲದಿಂದ. ಗಿಟಾರ್ ನನಗೆ ಬಾರಿಸೋಕೆ ಬರಲ್ಲ, ಆದರೆ ಒಂದಿಬ್ಬರು ಹುಡುಗರು ಪಾಲಿಶ್‌ಗೆ ನೆಕ್ ತಂದುಕೊಡ್ತಾರೆ.

ಪಕ್ಕದ ಚನ್ನಪಟ್ಟಣದ ಗೊಂಬೆಗೆ ಹಚ್ಚೋದೂ ಅರಗೇ. ಅಲ್ಲಿ ಹಾಲೆ ಮರದ ತುಂಡು ಲೇತ್‌ನಲ್ಲಿ ಗಿರ್ರನೆ ತಿರುಗ್ತಾ ಇರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೇ ಕರಗಿ ಮೈಗೆ ಕೂರುತ್ತೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ಕೊಡ್ತಾರೆ. ನೆಕ್ಕನ್ನ ಹಾಗೆ ತಿರುಗಿಸೋಕೆ ಆಗಲ್ಲವಲ್ಲ, ಅದಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚೋದು.

ಪಾಲಿಶ್ ಸಾಮಾನಿನ ಅಂಗಡಿಯಲ್ಲಿ ಚಪಡಾ ಅಂತ ಕೇಳಿ, ಜೇನಿನ ಬಣ್ಣದ ತೆಳು ಚಕ್ಕೆ ಕೊಡ್ತಾರೆ. ಜಾರ್ಖಂಡ್, ಛತ್ತೀಸಗಢ ಕಡೆಯಿಂದ ಬರೋದು, ಮುತ್ತುಗದ ಮರ, ಕುಸುಮ್ ಮರದ ಮೇಲೆ ಅರಗಿನ ಹುಳ ಕಟ್ಟಿದ್ದು. ಬಾಟಲಿಯಲ್ಲಿ ಬರೋ ತಯಾರಿ ಫ್ರೆಂಚ್ ಪಾಲಿಶ್ ಬೇಡ. ಅದು ಎಷ್ಟು ಹಳೇದೋ ಗೊತ್ತಾಗಲ್ಲ, ಕರಗಿಸಿಟ್ಟ ಅರಗು ಹಳೇದಾದರೆ ಒಣಗೋದೇ ಇಲ್ಲ, ಬೆರಳಿಟ್ಟರೆ ಅಚ್ಚು ಬೀಳುತ್ತೆ. ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಒಂದು ರಾತ್ರಿಯಲ್ಲಿ ಉಗುರಿಗೆ ಗಟ್ಟಿಯಾಗದಿದ್ದರೆ ಚೆಲ್ಲಿ.

ಅಳತೆ: ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ ಚಪಡಾ. ಒಂದು ನೆಕ್‌ಗೆ ಅಷ್ಟು ಬೇಡ, 100 ಮಿ.ಲೀ.ಗೆ 12 ಗ್ರಾಂ ಸಾಕು. ಚಕ್ಕೆಯನ್ನ ಪುಡಿ ಮಾಡಿ ಗಾಜಿನ ಬಾಟಲಿಗೆ ಹಾಕಿ ಆಗಾಗ ಅಲ್ಲಾಡಿಸಿ. ಕರಗಿದ ಮೇಲೆ ಅಲ್ಲಾಡಿಸದೆ ಒಂದು ಕಡೆ ಇಡಿ. ಅರಗಿನಲ್ಲಿ ಸಹಜವಾಗಿ ಸ್ವಲ್ಪ ಮೇಣ ಇರುತ್ತೆ, ಅದು ಮೋಡದ ಥರ ತಳಕ್ಕೆ ಇಳಿಯುತ್ತೆ. ಮೇಲಿನ ತಿಳಿಯನ್ನ ಮಾತ್ರ ನಿಧಾನಕ್ಕೆ ಬೇರೆ ಬಾಟಲಿಗೆ ಬಗ್ಗಿಸಿಕೊಳ್ಳಿ. ಇದನ್ನ ತಪ್ಪಿಸಬೇಡಿ. ಮೇಣ ಉಳಿದ ಅರಗಿನ ಮೇಲೆ ಪಿಯು (ಪಾಲಿಯುರೆಥೇನ್) ಹೊಡೆದರೆ ಮುಂದೆ ಸಿಪ್ಪೆ ಏಳುತ್ತೆ.

ಸ್ಪಿರಿಟ್ ವಿಚಾರ. ನೀರು ಬೆರೆತ ಸ್ಪಿರಿಟ್ ಆದರೆ ಹಚ್ಚಿದ ಜಾಗ ಬೆಳ್ಳಗೆ ಬೂದಿ ಬಳಿದ ಹಾಗಾಗುತ್ತೆ. ಕೋವಿಡ್ ಕಾಲದ ಸ್ಯಾನಿಟೈಸರ್ ಮನೆಯಲ್ಲಿದೆ ಅಂತ ಅದನ್ನ ಸುರೀಬೇಡಿ, ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು ನೀರು. ಒಳ್ಳೇ ಸ್ಪಿರಿಟ್ ಸಿಗದಿದ್ದರೆ ಕೆಮಿಕಲ್ ಅಂಗಡಿಯಲ್ಲಿ 99 ಪರ್ಸೆಂಟ್ ಐಸೊಪ್ರೊಪೈಲ್ ತಗೊಳ್ಳಿ. ಕರಗೋದು ನಿಧಾನ, ಕೆಲಸ ಆಗುತ್ತೆ.

ಹಚ್ಚೋದು: 240 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಎಳೆ ಹೋದ ದಿಕ್ಕಿಗೆ ಉಜ್ಜಿ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಡಿ, ಮಲಗಿದ್ದ ನಾರೆಲ್ಲ ಮೇಲೇಳುತ್ತೆ. ಅದನ್ನ 320ರಲ್ಲಿ ಹಗುರಕ್ಕೆ ತೆಗೀರಿ. ಹಳೇ ಬನಿಯನ್ ಬಟ್ಟೆ ಒಳಗೆ ಹತ್ತಿ ಕಟ್ಟಿ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿಕೊಳ್ಳಿ, ಅದನ್ನ ಅರಗಿನಲ್ಲಿ ಅದ್ದಿ ಹಿಂಡಿ, ಹೀಲ್‌ನಿಂದ ಹೆಡ್‌ಸ್ಟಾಕ್‌ವರೆಗೆ ಒಂದೇ ಎಳೆತ. ಹಚ್ಚಿದ ಜಾಗಕ್ಕೆ ತಕ್ಷಣ ವಾಪಸ್ ಹೋಗಬೇಡಿ, ಅರ್ಧ ಒಣಗಿದ್ದು ಕಿತ್ತು ಬರುತ್ತೆ. ಅಡ್ಡ ಕೊಯ್ದ ತುದಿಗೆ ಬ್ರಷ್‌ನಲ್ಲಿ ಮರ ಕುಡಿಯುವಷ್ಟು ಕುಡಿಸಿ, ಹೊಳಪು ನಿಲ್ಲೋವರೆಗೆ. ಮೈಗೆ ನಾಲ್ಕು ಕೈ ಸಾಕು. ಕೈ ಕೈ ನಡುವೆ ಒಂದೆರಡು ಗಂಟೆ ಬಿಡಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ಒಂದು ಮಾತು ಮುಚ್ಚಿಡೋಕಾಗಲ್ಲ: ಅರಗನ್ನೇ ಕೊನೇ ಪದರ ಅಂತ ಬಿಟ್ಟರೆ ಕೈಯ ಬೆವರು, ಬಿಸಿ, ಸ್ಪಿರಿಟ್ ಯಾವುದನ್ನೂ ಬಹಳ ಕಾಲ ತಡೆಯಲ್ಲ. ಅದು ಬುನಾದಿ. ಮೇಲೆ ಇನ್ನೊಂದು ಬೇಕು.

ಸಂಶಯಾತ್ಮ

ಹಾಗಾದ್ರೆ ಬುನಾದಿ ಅರಗು, ಮೇಲೆ ನನ್ನ ಟ್ರೂ ಆಯಿಲ್. ಒಪ್ಪಿಗೆಯಾ? ಮೇಣ ತೆಗೆದ ಅರಗಿನ ಮೇಲೆ ಅದು ಚೆನ್ನಾಗಿ ಕೂರುತ್ತೆ, ಕೈಗೂ ಹಿತ.

ಅರಗುಬಣ್ಣ

ಧಾರಾಳವಾಗಿ. ತೆಳ್ಳಗೆ ಹಚ್ಚಿ, ಒಂದೊಂದು ಕೈಗೂ ಒಂದು ದಿನ ಬಿಟ್ಟು, ಪದರ ಉಳಿಸಿಕೊಳ್ಳಿ.

ಬೀಟೆಮರ

ನನ್ನದೂ ಒಪ್ಪಿಗೆ. ಕೊನೆಗೆ ಉಕ್ಕಿನ ನಾರಿನಲ್ಲಿ ಉಜ್ಜೋದಿದ್ದರೆ ಗಿಟಾರ್ ಜೋಡಿಸೋ ಮುಂಚೆಯೇ ಉಜ್ಜಿ ಮುಗಿಸಿ. ಆ ಪುಡಿ ಪಿಕಪ್‌ನ (ತಂತಿಯ ಅದುರು ಹಿಡಿಯೋ ಭಾಗದ) ಅಯಸ್ಕಾಂತಕ್ಕೆ ಹೋಗಿ ಹತ್ತಿಕೊಂಡರೆ ತೆಗೆಯೋದು ದೊಡ್ಡ ತಲೆನೋವು.

ಸ್ಯಾಂಡಿಂಗ್ ಸೀಲರ್ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ಸುಲಭವಾಗಿ ಉಜ್ಜಲಿ ಅಂತ ಜಿಂಕ್ ಸ್ಟಿಯರೇಟ್ ಬೆರೆಸಿರ್ತಾರೆ, ಅದಕ್ಕೇ ಪುಡಿಪುಡಿಯಾಗಿ ಬರೋದು. ಹಾಗಾಗಿ ಪದರ ಮೆದು. ಬಾಗಿಲು, ಕಪಾಟಿಗೆ ಸರಿ. ನೆಕ್‌ಗೆ ಹಾಕಲೇಬೇಕು ಅಂದ್ರೆ ಒಂದು ಕೈ ಹಾಕಿ, ಮುಕ್ಕಾಲು ಭಾಗ ಉಜ್ಜಿ ತೆಗೆದು, ಮೇಲೆ ಲ್ಯಾಕರ್ ಹೊಡೀರಿ. ದಪ್ಪಗೆ ಹೊಡೆದು ಬಿಟ್ಟರೆ ಒಂದು ಸಣ್ಣ ಪೆಟ್ಟಿಗೆ ಬಿಳಿ ಕಲೆ ಬೀಳುತ್ತೆ.

ಕಡಲತಡಿ

ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆಯುವ ಅಂತಲೂ ಇತ್ತು. ಹಳೇ ಫೆಂಡರ್ ಥರ ಹಳದಿ ಬಣ್ಣ ಬರ್ತದಲ್ಲ. ಮಳೆಗಾಲದಲ್ಲಿ ಆಗ್ತದಾ?

ಬೀಟೆಮರ

ಕರಾವಳಿಯಲ್ಲಿ ಜುಲೈನಲ್ಲಿ ಆಗಲ್ಲ. ಥಿನ್ನರ್ ಹಾರುವಾಗ ಮೈ ತಣ್ಣಗಾಗುತ್ತೆ, ಆ ತಂಪಿಗೆ ಗಾಳಿಯ ತೇವ ಬಂದು ಲ್ಯಾಕರ್ ಒಳಗೆ ಸಿಕ್ಕಿಹಾಕಿಕೊಂಡು ಹಾಲಿನ ಬಣ್ಣ ಬರುತ್ತೆ. ನಿಧಾನಕ್ಕೆ ಹಾರೋ ರಿಟಾರ್ಡರ್ ಥಿನ್ನರ್ ಹಾಕಿ ಸ್ವಲ್ಪ ತಪ್ಪಿಸಬಹುದು, ಅಷ್ಟು ಒದ್ದಾಡೋ ಬದಲು ಅರಗು ಹಚ್ಚಿಟ್ಟು ನವೆಂಬರ್‌ವರೆಗೆ ಕಾಯಿರಿ. ಅರಗಿನ ಮೇಲೆ ಎನ್‌ಸಿ ಚೆನ್ನಾಗಿ ಹಿಡಿಯುತ್ತೆ.

ಸ್ಪ್ರೇ ಮಾಡುವಾಗ ಹೀಲ್‌ನ ಎರಡು ಬದಿಗೆ ಟೇಪ್ ಹಚ್ಚಿ. ಬಾಡಿಯ ಪಾಕೆಟ್ (ಹೀಲ್ ಕೂರೋ ಗುಂಡಿ) ಬಿಗಿಯಾಗಿ ಕೊರೆದಿದ್ದರೆ ಆ ಪದರದ ದಪ್ಪಕ್ಕೇ ನೆಕ್ ಒಳಗೆ ಕೂರಲ್ಲ. ಬಲವಂತ ಮಾಡಿದರೆ ಬಾಡಿಯ ಲ್ಯಾಕರ್ ಅಂಚು ಒಡೆಯುತ್ತೆ. ಅಲ್ಲಿ ಬರೀ ಅರಗು ಸಾಕು, ಅದು ಲೆಕ್ಕಕ್ಕೆ ಬರದಷ್ಟು ತೆಳು.

ಅಕೂಸ್ಟಿಕ್_ಆಸೆ (ಶಿವಮೊಗ್ಗ)

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಅಕೂಸ್ಟಿಕ್, ಸ್ಕ್ರೂ ಇಲ್ಲ, ಡವ್‌ಟೇಲ್ (ಪಾರಿವಾಳದ ಬಾಲದ ಆಕಾರದ) ಅಂಟಿನ ಜೋಡಣೆ. ನೆಕ್ ಮಹಾಗನಿ. ಫ್ರೆಟ್‌ಬೋರ್ಡ್ ಇನ್ನೂ ಅಂಟಿಸಿಲ್ಲ. "ಎಲ್ಲಾ ಮೈಗೂ ಹಚ್ಚಿ" ಅಂದ್ರಲ್ಲ ಹುಬ್ಳಿಯವರು, ನನಗೂ ಅದೇನಾ?

ಹುಬ್ಳಿ_ಬ್ಲೂಸ್

ಬ್ಯಾಡ್ರಿ ಬ್ಯಾಡ್ರಿ! ನಾ ಹೇಳಿದ್ದು ಸ್ಕ್ರೂ ನೆಕ್ಕಿಗೆ. ಅಂಟ ಕುಂದ್ರೂ ಮೈಗೆ ಅರಗಾಗ್ಲಿ ಎಣ್ಣಿಯಾಗ್ಲಿ ಒಂದ್ ಹನಿನೂ ತಾಗಬಾರ್ದು. ಅಂಟಿಗೆ ಮರದ ನಾರು ಬೇಕು, ನಾರು ಮುಚ್ಚಿದ್ರ ಹಿಡಿಯೂದಿಲ್ಲ. ತಂತಿ ಎಳಿತ ಸಣ್ಣದಲ್ರಿ, ಅಕೂಸ್ಟಿಕ್ ಒಳಗ ಎಲ್ಲಾ ಆರು ಸೇರಿ 70 ಕಿಲೊ ಆಸುಪಾಸು.

ಡವ್‌ಟೇಲಿನ ಬದಿ, ಹೀಲ್ ಬಾಡಿಗೆ ತಾಗೂ ಮುಖ, ಫ್ರೆಟ್‌ಬೋರ್ಡ್ ಕುಂದ್ರೂ ಮೇಲ್ಮೈ, ಇವಕ್ಕೆಲ್ಲಾ ಟೇಪ್ ಹಚ್ರಿ. ಟೇಪಿನ ಅಂಚನ್ನ ಉಗುರಿನಿಂದ ಒತ್ರಿ, ಸ್ಪಿರಿಟ್ ಅರಗು ತೆಳ್ಳಗಿರತೈತಿ, ಟೇಪಿನ ಕೆಳಗ ಹರದ ಹೋಗತೈತಿ. ಅಂಟಿಸೂ ಹೊತ್ತಿಗೆ ಆ ಮೈಗೆ ಹರಿತ ಬ್ಲೇಡ್ ಹಿಡದು ಒಮ್ಮೆ ಕೆರದ್ರ ಹೊಸಾ ಮರ ಸಿಗತೈತಿ.

ಬೀಟೆಮರ

ಅಕೂಸ್ಟಿಕ್_ಆಸೆ ಅವರಿಗೆ: ಫ್ರೆಟ್‌ಬೋರ್ಡ್ ಅಂಟಿಸೋ ಮುಂಚೆ ಬೆನ್ನಿಗೆ ಹಚ್ಚೋಕೇ ಹೋಗಬೇಡಿ. ಮೊದಲು ಬೋರ್ಡ್ ಅಂಟಿಸಿ. ನೀರು ಬೆರೆತ ಬಿಳಿ ಅಥವಾ ಹಳದಿ ಅಂಟು ಹಾಕಿದರೆ ಆ ನೀರನ್ನ ಮರವೇ ಕುಡಿಯುತ್ತೆ, ಅಂಟಿನ ಕಡೆ ಉಬ್ಬಿ ನೆಕ್ ಹಿಂದಕ್ಕೆ ಬಾಗುತ್ತೆ. ಸಮತಟ್ಟಾದ ಕಬ್ಬಿಣದ ಪಟ್ಟಿಗೆ ಬಿಗಿದು ಒಂದು ಪೂರ್ತಿ ದಿನ ಇಡಿ, ಬಿಚ್ಚಿದ ಮೇಲೂ ಒಂದೆರಡು ವಾರ ಬೋಳಾಗಿಯೇ ಬಿಡಿ. ಬೆನ್ನಿಗೆ ಮೊದಲೇ ಅರಗು ಬಳಿದಿದ್ದರೆ ಆ ನೀರಿಗೆ ಹೋಗೋಕೆ ಒಂದು ದಾರಿ ಕಮ್ಮಿಯಾಯ್ತು.

ಕೆತ್ತನೆಗೂ ಇದೇ ಮಾತು. ಚೌಕ ತುಂಡಿನಿಂದ ಅಷ್ಟು ಮರ ತೆಗೆದಾಗ ಒಳಗಿನ ಎಳೆತ ಬಿಡುಗಡೆಯಾಗುತ್ತೆ. ಒಂದೆರಡು ಮಿ.ಮೀ. ದಪ್ಪ ಉಳಿಸಿ ಕೆತ್ತಿ, ನೇತುಹಾಕಿ, ಅದೇನು ಆಡುತ್ತೋ ಆಡಲಿ. ಆಮೇಲೆ ಕೊನೇ ಕೆತ್ತನೆ, ಆಮೇಲೆ ಸೀಲ್.

ಕಂಪನಿಗಳಲ್ಲೂ ಎರಡು ದಾರಿ ಇದೆ. ಫೆಂಡರ್‌ನವರು ನೆಕ್, ಬಾಡಿ ಬೇರೆ ಬೇರೆಯಾಗಿ ಫಿನಿಶ್ ಮಾಡಿ ಆಮೇಲೆ ಸ್ಕ್ರೂ ಹಾಕ್ತಾರೆ. ಗಿಬ್ಸನ್‌ನವರು ಲೆಸ್ ಪಾಲ್‌ನಲ್ಲಿ ನೆಕ್ ಅಂಟಿಸಿ ಆಮೇಲೆ ಒಟ್ಟಿಗೆ ಸ್ಪ್ರೇ ಮಾಡ್ತಾರೆ. ನಿಮ್ಮ ಮಹಾಗನಿ ಮೇಪಲ್‌ಗಿಂತ ತುಂಬಾ ಸ್ಥಿರ, ಸ್ವಲ್ಪ ದಿನ ಬೋಳಾಗಿ ಕಾದರೂ ಗಾಬರಿ ಬೇಡ.

ಅರಗುಬಣ್ಣ

ಬೀಟೆ ಫ್ರೆಟ್‌ಬೋರ್ಡ್ ಇದ್ದವರು ಗಮನಿಸಿ. ಬೀಟೆಯ ಬಣ್ಣ ಸ್ಪಿರಿಟ್‌ಗೆ ಬಿಡುತ್ತೆ. ಅದೇ ಬಟ್ಟೆಯನ್ನ ಬೋರ್ಡ್ ಅಂಚಿಗೆ ತಾಗಿಸಿ ಮೇಪಲ್‌ಗೆ ಎಳೆದರೆ ಬಿಳಿ ಮರದ ಮೇಲೆ ನೇರಳೆ ಗೆರೆ ಬೀಳುತ್ತೆ. ಮೇಪಲ್ ಕಡೆ ಮೊದಲು ಎರಡು ಕೈ ಹಚ್ಚಿ ಒಣಗಿಸಿ, ಆಮೇಲೆ ಬೇರೆ ಬಟ್ಟೆಯಲ್ಲಿ ಬೀಟೆಯ ಅಂಚಿಗೆ, ಹೀಲ್ ಕಡೆಯಿಂದ ಹೆಡ್‌ಸ್ಟಾಕ್ ಕಡೆಗೇ ಎಳೀರಿ, ಅಡ್ಡ ಎಳೀಬೇಡಿ.

ಕಡಲತಡಿ

ಎಲ್ಲರಿಗೂ ವರದಿ. ಕಪಾಟಿನೊಳಗೆ ಮೀಟರ್ 48ರಲ್ಲಿ ನಿಂತಿದೆ. ತೂಕ ಇಳಿದು ಇಳಿದು ಈಗ ಅಲ್ಲಾಡ್ತಾ ಇಲ್ಲ. ಇಳಿಯುವಾಗ ನೆಕ್ ಒಂದು ಕೂದಲಿನಷ್ಟು ಹಿಂದೆ ಬಾಗಿತ್ತು, ಅದಾಗಿಯೇ ವಾಪಸ್ ನೆಟ್ಟಗಾಯ್ತು. ಅರಗು ಎರಡು ಕೈ ಆಯ್ತು. ಮೇಪಲ್ ಒಳ್ಳೇ ತುಪ್ಪದ ಬಣ್ಣಕ್ಕೆ ಬಂದಿದೆ.

ಎರಡು ಸಂಶಯ. ಫ್ರೆಟ್ ಹೊಡೆಯುವ ಗಾಡಿಗೆ, ಅಂದ್ರೆ ಆ ಸಪೂರ ಸೀಳಿಗೆ, ಅರಗು ಹಾಕುದಾ? ಮತ್ತೆ ಟ್ಯೂನರ್ ತೂತು ಕೊರೆದು ಆಗಿದೆ, ಬುಶ್ (ತೂತಿನೊಳಗೆ ಕೂರುವ ಲೋಹದ ಬಳೆ) ಈಗಲೇ ಬಿಗಿ ಉಂಟು. ಅರಗು ಹಚ್ಚಿದ್ರೆ ಒಳಗೆ ಹೋಗ್ತದಾ?

ಹುಬ್ಳಿ_ಬ್ಲೂಸ್

ಫ್ರೆಟ್ ಸೀಳಿಗೆ ಏನೂ ಹಾಕಬ್ಯಾಡ್ರಿ. ಬೋರ್ಡ್ ಮ್ಯಾಲೆ ಪೂರಾ ಟೇಪ್ ಹಚ್ಚಿ ಇಡ್ರಿ. ಸೀಳಿನಾಗ ಅರಗು ಗಟ್ಟಿಯಾದ್ರ ಫ್ರೆಟ್ಟಿನ ಹಲ್ಲು ಕುಂದ್ರೂದಿಲ್ಲ. ಫ್ರೆಟ್ ಹೊಡದು, ತುದಿ ಅರದಿಂದ ಸಮ ಮಾಡಿ, ಕಡಿಗೆ ಆ ಬದಿಗೆ ಒಂದ್ ಕೈ ಅರಗು ಹಚ್ರಿ, ಸೀಳಿನ ಬಾಯಿ ಮುಚ್ಚತೈತಿ. ಬೋರ್ಡಿನ ಮುಖಕ್ಕ ಬೇಕಿದ್ರ ವರ್ಷಕ್ಕೊಮ್ಮೆ ನಾಕ ಹನಿ ಮಿನರಲ್ ಎಣ್ಣಿ, ಹಚ್ಚಿ ಒರಸಿಬಿಡ್ರಿ. ಬೀಟಿಗೆ ತನ್ನದ ಎಣ್ಣಿ ಐತಿ.

ಬುಶ್ ಬಿಗಿ ಇದ್ರ ಸುತ್ತಿಗಿ ತಗೋಬ್ಯಾಡ್ರಿ, ಹೆಡ್‌ಸ್ಟಾಕ್ ಸೀಳತೈತಿ. ಪೆನ್ಸಿಲ್ಲಿಗೆ 220 ಪೇಪರ್ ಸುತ್ತಿ ತೂತನ್ನ ಒಂದ್ ಎಳಿ ದೊಡ್ಡದ ಮಾಡ್ರಿ. ಕಿವಿ ಕಡ್ಡಿಯಿಂದ ಒಳಗ ಅರಗು ಹಚ್ರಿ. ಪೂರಾ ಒಣಗಿದ ಮ್ಯಾಲೆ ಬುಶ್ಶನ್ನ ಬೆರಳಿನಿಂದ ಒತ್ತಿದ್ರ ಮುಕ್ಕಾಲು ಹೋಗಬೇಕು, ಉಳದದ್ದನ್ನ ಕ್ಲಾಂಪ್ ಹಾಕಿ ಒತ್ರಿ. ಹೀಲಿನ ಸ್ಕ್ರೂ ತೂತಿಗೂ ಅದ ಕಿವಿ ಕಡ್ಡಿ. ಅಲ್ಲಿ ಸ್ಕ್ರೂ ಹಾಕೂ ಮುಂಚೆ ಅದರ ಹಲ್ಲಿಗೆ ಮೇಣಬತ್ತಿ ಒಮ್ಮೆ ಸವರ್ರಿ, ಮೇಪಲ್ ಗಟ್ಟಿ ಮರ, ಒಣಾ ಸ್ಕ್ರೂ ಅರ್ಧಕ್ಕ ಮುರದ ಹೋಗತೈತಿ. ಆದ್ರ ಎಲ್ಲಾ ಫಿನಿಶ್ ಮುಗದ ಮ್ಯಾಲೇನ ಮೇಣ ಹೊರಗ ತೆಗೀರಿ. ಮೇಣದ ಕೈ ಬೋಳ ಮರಕ್ಕ ತಾಗಿದ್ರ ಅಲ್ಲಿ ಯಾವ ಲ್ಯಾಕರೂ ನಿಲ್ಲೂದಿಲ್ಲ.

ಕಡಲತಡಿ

ಸರಿ. ನಾಳೆ ತೂತು ಸರಿ ಮಾಡಿ ಮೂರನೇ ಕೈ ಹಚ್ತೇನೆ. ಬಾಡಿ ಶುಕ್ರವಾರ ಕೊಡ್ತೇನೆ ಅಂದಿದ್ದಾರೆ ಆಚಾರಿಯವರು, ಯಾವ ಶುಕ್ರವಾರ ಅಂತ ಹೇಳಲಿಲ್ಲ.